ಫೀ ಕಟ್ಟೋ ಡಿಎಂಪಿ ಬಿಟ್ಟು ಫ್ರೀ ಪ್ಲಾನ್‌ಗೆ ಹೋಗೋದು ಹೇಗೆ? ಯುಕೆಯಲ್ಲಿರೋರು ಹೇಳಿ

ಸ್ವಿಂಡನ್_ವಾಸಿ:
ಎಲ್ರಿಗೂ ನಮಸ್ಕಾರ. ಇದನ್ನ ರಾಜ್ಯೋತ್ಸವಕ್ಕೆ ಸೇರ್ದಾಗ ಎದುರಿಗೆ ಕೂತು ಕೇಳೋಕಾಗಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ. ಮಧ್ಯದಲ್ಲಿ ಸ್ವಲ್ಪ ಕಾಲ ಕೆಲಸ ಇರ್ಲಿಲ್ಲ, ಬಾಡಿಗೆ, ವೀಸಾ ಎಕ್ಸ್‌ಟೆನ್ಷನ್, ಐಎಚ್‌ಎಸ್ (ವೀಸಾ ಜೊತೆ ಕಟ್ಟೋ ಹೆಲ್ತ್ ಸರ್ಚಾರ್ಜ್) ಎಲ್ಲಾ ಕಾರ್ಡ್ ಮೇಲೆ ಹೋಯ್ತು. ಎರಡು ಕ್ರೆಡಿಟ್ ಕಾರ್ಡು, ಒಂದು ಪರ್ಸನಲ್ ಲೋನು, ಒಂದು ಓವರ್‌ಡ್ರಾಫ್ಟು ಸೇರಿ 14,000 ಪೌಂಡ್ ಬಾಕಿ ಇದೆ. ಒಂದು ಕಂಪನಿಯವ್ರು ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ (ಡಿಎಂಪಿ), ಅಂದ್ರೆ ಎಲ್ಲಾ ಸಾಲಕ್ಕೂ ಸೇರಿ ತಿಂಗಳಿಗೆ ಒಂದೇ ಕಂತು ಕಟ್ಟೋ ಹೊಂದಾಣಿಕೆ, ಮಾಡ್ಕೊಟ್ಟಿದಾರೆ, ತಿಂಗಳಿಗೆ 250 ಕಟ್ತೀನಿ, ಅದ್ರಲ್ಲಿ 45 ಅವ್ರ ಫೀ. ಬಡ್ಡಿ ನಿಲ್ಸಿದಾರೆ, ಅದು ನಿಜ. ಆದ್ರೆ ಇದನ್ನೇ ಸ್ಟೆಪ್‌ಚೇಂಜ್ ಅನ್ನೋ ಚಾರಿಟಿಯವ್ರು ಒಂದು ಪೈಸೆ ತಗೊಳ್ದೆ ಮಾಡ್ತಾರೆ ಅಂತ ಆಫೀಸಲ್ಲಿ ಒಬ್ರು ಹೇಳಿದ್ರು. ಕಂಪನಿಗೆ ಫೋನ್ ಮಾಡಿ ಕೇಳಿದ್ರೆ, ಬಿಟ್ಟು ಹೋದ್ರೆ ಸಾಲ ಕೊಟ್ಟೋರು ಬಡ್ಡಿ ಮತ್ತೆ ಶುರು ಮಾಡ್ತಾರೆ, ಕೋರ್ಟಿಗೂ ಹೋಗ್ಬೋದು, ನೀವೇ ಯೋಚನೆ ಮಾಡಿ ಅಂತಾರೆ. ಮುಂದಿನ ವರ್ಷ ಐಎಲ್‌ಆರ್‌ಗೆ (ಇಲ್ಲೇ ಕಾಯಂ ಆಗಿ ಇರೋಕೆ ಅನುಮತಿ) ಹಾಕೋದಿದೆ, ಅದಕ್ಕೇ ಭಯ. ಬಿಡೋದಾದ್ರೆ ಯಾವ್ದನ್ನ ಮೊದ್ಲು ಮಾಡ್ಬೇಕು?

ಕರಾವಳಿ_ಹುಡುಗ:
ಡೈರೆಕ್ಟ್ ಡೆಬಿಟ್ ಇವತ್ತೇ ಕ್ಯಾನ್ಸಲ್ ಮಾಡಿ ಮಾರಾಯ್ರೆ. ಬ್ಯಾಂಕ್ ಆ್ಯಪಲ್ಲೇ ಉಂಟು, ಅವ್ರನ್ನ ಕೇಳ್ಬೇಕು ಅಂತ ಎಂತದೂ ಇಲ್ಲ.

ಲೀಡ್ಸ್_ಕನ್ನಡತಿ:
ದಯವಿಟ್ಟು ಅಷ್ಟು ಅವಸರ ಮಾಡ್ಬೇಡಿ. ನಾನು ಇಲ್ಲಿ ಡೆಟ್ ಅಡ್ವೈಸ್ ಕೆಲಸದಲ್ಲೇ ಇದೀನಿ, ಸ್ವಿಂಡನ್ ಅವ್ರೇ, ನಿಮ್ಮಂಥ ಕೇಸ್ ದಿನಾ ನೋಡ್ತೀವಿ. ಬಿಡ್ಬೇಕು, ಅದ್ರಲ್ಲಿ ನಂಗೆ ಅನುಮಾನವೇ ಇಲ್ಲ. ಆದ್ರೆ ಹಳೇದನ್ನ ನಿಲ್ಸಿ ಹೊಸದು ಶುರುವಾಗೋ ಮಧ್ಯೆ ನೀವು ಸುಮ್ನೆ ಇದ್ಬಿಟ್ರೆ ಆಗ ಮಾತ್ರ ತೊಂದ್ರೆ. ಕಂಪನಿಯವ್ರು ಹೆದ್ರಿಸ್ತಿರೋದೂ ಆ ಮಧ್ಯದ ಗ್ಯಾಪ್ ಇಟ್ಕೊಂಡೇ.

ಮೊದ್ಲು ಒಂದು ಪ್ರಶ್ನೆ. ನಿಮ್ಮ ಹತ್ರ ಇರೋದು ಡಿಎಂಪಿನೇ ಅಂತ ಖಾತ್ರಿನಾ? ಪೇಪರ್ ತೆಗ್ದು ನೋಡಿ. ತುಂಬಾ ಜನ ಡಿಎಂಪಿ ಅಂದ್ಕೊಂಡು ಐವಿಎಗೆ ಸೈನ್ ಹಾಕಿರ್ತಾರೆ. ಐವಿಎ ಅಂದ್ರೆ ಕಾನೂನಿನ ಕಟ್ಟು ಇರೋ ಒಪ್ಪಂದ, ಸಾಮಾನ್ಯವಾಗಿ 5 ಅಥವಾ 6 ವರ್ಷ, ಸಾಲ ತೀರ್ಸೋಕಾಗದವ್ರ ಸಾರ್ವಜನಿಕ ಪಟ್ಟಿ, ಇನ್ಸಾಲ್ವೆನ್ಸಿ ರಿಜಿಸ್ಟರ್‌ನಲ್ಲಿ ಹೆಸ್ರು ಬರುತ್ತೆ, ಅದನ್ನ ಹೀಗೆ ಪತ್ರ ಬರ್ದು ಬಿಡೋಕಾಗಲ್ಲ. ಡಿಎಂಪಿ ಹಾಗಲ್ಲ, ಅದೊಂದು ಮಾತಿನ ಹೊಂದಾಣಿಕೆ ಅಷ್ಟೇ, ಸಾಲ ಕೊಟ್ಟೋರನ್ನೂ ಕಟ್ಟಿ ಹಾಕಲ್ಲ, ನಿಮ್ಮನ್ನೂ ಕಟ್ಟಿ ಹಾಕಲ್ಲ. ಯಾವಾಗ ಬೇಕಾದ್ರೂ ಹೊರಗೆ ಬರ್ಬೋದು.

ಸ್ವಿಂಡನ್_ವಾಸಿ:
ನೋಡ್ದೆ ಮೇಡಂ, ಡಿಎಂಪಿ ಅಂತಾನೇ ಇದೆ. ಕ್ಯಾನ್ಸಲ್ ಮಾಡೋಕೆ ಬರವಣಿಗೆಯಲ್ಲಿ ತಿಳಿಸ್ಬೇಕು ಅಂತ ಇದೆ, ನೋಟಿಸ್ ಪೀರಿಯಡ್ ಒಂದು ತಿಂಗಳು.

ಲೀಡ್ಸ್_ಕನ್ನಡತಿ:
ಸರಿ, ಹಾಗಾದ್ರೆ ಲೆಕ್ಕ ನೋಡಿ. ನೀವು 250 ಕೊಡ್ತೀರಿ, ಸಾಲಕ್ಕೆ ಹೋಗೋದು 205. ಬಡ್ಡಿ ಪೂರ್ತಿ ನಿಂತಿದೆ ಅಂತಲೇ ಇಟ್ಕೊಂಡ್ರೂ 14,000ಕ್ಕೆ 69 ಕಂತು ಬೇಕು. ಫೀ ಇಲ್ದೆ ಪೂರ್ತಿ 250 ಹೋದ್ರೆ 56 ಕಂತು. ಒಂದು ವರ್ಷಕ್ಕಿಂತ ಜಾಸ್ತಿ ನೀವು ಬರೀ ಫೀ ತೀರ್ಸೋಕೆ ದುಡಿತೀರಿ, ಒಟ್ಟು 3,000 ಪೌಂಡ್ ಮೇಲೇ ಆಗುತ್ತೆ. ಆ ದುಡ್ಡಿಗೆ ಕಂಪನಿ ಕೊಡೋ ಸೇವೆ ಏನು? ನಿಮ್ಮ ಬಜೆಟ್ ಬರ್ಯೋದು, ಸಾಲ ಕೊಟ್ಟೋರಿಗೆ ಪತ್ರ ಕಳ್ಸೋದು, ಒಂದು ಕಂತನ್ನ ನಾಲ್ಕು ಕಡೆ ಹಂಚೋದು. ಇದಷ್ಟನ್ನೂ ಸ್ಟೆಪ್‌ಚೇಂಜ್, ಪೇಪ್ಲ್ಯಾನ್ ಎರಡೂ ಉಚಿತವಾಗಿ ಮಾಡ್ತವೆ.

ಧಾರವಾಡದ_ಮಳಿ:
ಅಕ್ಕಾರ, ಒಂದು ಮಾತು ಕೇಳ್ತೀನಿ. ಫ್ರೀ ಅಂತಾರಲ್ಲ, ಅವ್ರ ಆಫೀಸು, ಸಿಬ್ಬಂದಿ ಪಗಾರ ಎಲ್ಲಿಂದ ಬರ್ತೈತಿ? ನಮ್ಮ ಮಂದಿಗೆ ಫುಕಟ್ ಅಂದ್ರ ಮೊದ್ಲ ಸಂಶಯ ನೋಡ್ರಿ. ನಮ್ಮ ಅಣ್ಣಾವ್ರು ಅದಕ್ಕ ಹೋಗ್ಲಿಲ್ಲ, ರೊಕ್ಕ ಕೊಟ್ರ ಕೆಲಸ ಚೊಲೋ ಆಗ್ತೈತಿ ಅಂದ್ರು.

ಲೀಡ್ಸ್_ಕನ್ನಡತಿ:
ಕೇಳ್ಬೇಕಾದ ಪ್ರಶ್ನೆನೇ ಇದು ಅಣ್ಣ. ದುಡ್ಡು ಸಾಲ ಕೊಟ್ಟೋರ ಕಡೆಯಿಂದ ಬರುತ್ತೆ. ಬ್ಯಾಂಕು, ಕಾರ್ಡ್ ಕಂಪನಿಗಳು ತಮಗೆ ವಾಪಸ್ ಬಂದಿದ್ರಲ್ಲಿ ಒಂದು ಪಾಲನ್ನ ಈ ಸಂಸ್ಥೆಗಳಿಗೆ ಕೊಡ್ತವೆ, ಫೇರ್ ಶೇರ್ ಅಂತ ಕರೀತಾರೆ. ಆದ್ರೆ ನಿಮ್ಮ ಅಕೌಂಟ್‌ನಲ್ಲಿ ಜಮಾ ಆಗೋದು ನೀವು ಕಟ್ಟಿದ ಪೂರ್ತಿ ಮೊತ್ತ, ಆ ಪಾಲು ನಿಮ್ಮ ಲೆಕ್ಕಕ್ಕೆ ಬರಲ್ಲ. ಬ್ಯಾಂಕಿಗೂ ಇದ್ರಿಂದ ಲಾಭವೇ, ಏನೂ ಬರ್ದೆ ಇರೋದಕ್ಕಿಂತ ಕ್ರಮವಾಗಿ ಸ್ವಲ್ಪ ಸ್ವಲ್ಪ ಬರೋದು ಮೇಲು.

ಸ್ಟೆಪ್‌ಚೇಂಜ್ 1993ರಿಂದ ಇರೋ ಚಾರಿಟಿ, ಲೀಡ್ಸ್‌ನಲ್ಲೇ ಅದ್ರ ಮುಖ್ಯ ಕಚೇರಿ, 2012ರವರೆಗೂ ಕನ್ಸ್ಯೂಮರ್ ಕ್ರೆಡಿಟ್ ಕೌನ್ಸೆಲಿಂಗ್ ಸರ್ವಿಸ್ ಅಂತ ಹೆಸ್ರಿತ್ತು. ಪೇಪ್ಲ್ಯಾನ್ ಚಾರಿಟಿ ಅಲ್ಲ, ಕಂಪನಿನೇ, ಆದ್ರೆ ಸಾಲಗಾರರ ಹತ್ರ ಫೀ ತಗೊಳಲ್ಲ. ನ್ಯಾಷನಲ್ ಡೆಟ್‌ಲೈನ್‌ನವ್ರು ಫೋನ್‌ನಲ್ಲಿ ಸಲಹೆ ಕೊಡ್ತಾರೆ, ಪತ್ರದ ಮಾದರಿಗಳು ಅವ್ರ ಸೈಟ್‌ನಲ್ಲಿ ಸಿಗ್ತವೆ. ಎದುರಿಗೆ ಕೂತು ಮಾತಾಡ್ಬೇಕು ಅಂದ್ರೆ ಸಿಟಿಜನ್ಸ್ ಅಡ್ವೈಸ್. ಯಾವ್ದು ಅಂತ ಗೊತ್ತಾಗ್ದೆ ಇದ್ರೆ ಸರ್ಕಾರದ್ದೇ ಮನಿಹೆಲ್ಪರ್ ಇದೆ, ನಿಮ್ಮೂರಲ್ಲಿ ಯಾರಿದಾರೆ ಅಂತ ಅಲ್ಲಿ ತೋರ್ಸುತ್ತೆ.

ಒಂದು ಎಚ್ಚರಿಕೆ. ಈ ಹೆಸ್ರು ಹಾಕಿ ಹುಡುಕ್ದಾಗ ಎಲ್ಲಕ್ಕಿಂತ ಮೇಲೆ ಬರೋದು ಜಾಹೀರಾತು ಆಗಿರ್ಬೋದು, ಹೆಸ್ರು ಸ್ವಲ್ಪ ಹೀಗೇ ಇರುತ್ತೆ, ಬಣ್ಣನೂ ಹಾಗೇ ಇರುತ್ತೆ, ನಂಬರ್ ಕೊಟ್ಟ ಹತ್ತು ನಿಮಿಷಕ್ಕೆ ಫೋನ್ ಬರುತ್ತೆ, ಮಾತಾಡ್ತಾ ಮಾತಾಡ್ತಾ ಐವಿಎ ಕಡೆ ತಳ್ತಾರೆ. ಹೀಗೆ ಜನರನ್ನ ಹಿಡ್ದು ಕೊಟ್ಟು ಕಮಿಷನ್ ತಗೊಳೋ ಡೆಟ್ ಪ್ಯಾಕೇಜರ್‌ಗಳು ಆ ಕಮಿಷನ್ ತಗೊಳೋದಕ್ಕೆ 2023ರಲ್ಲಿ ಇಲ್ಲಿನ ಹಣಕಾಸು ನಿಯಂತ್ರಕ ಎಫ್‌ಸಿಎ ನಿಷೇಧ ಹಾಕ್ತು, ಆದ್ರೂ ಹುಷಾರಾಗಿರಿ. ಎಫ್‌ಸಿಎ ರಿಜಿಸ್ಟರ್‌ನಲ್ಲಿ ಹೆಸ್ರು ನೋಡಿ, ಅಲ್ಲಿರೋ ನಂಬರ್‌ಗೇ ಫೋನ್ ಮಾಡಿ.

ಕರಾವಳಿ_ಹುಡುಗ:
ಓಹೋ ಹಾಗಾ. ಆದ್ರೂ ಡೈರೆಕ್ಟ್ ಡೆಬಿಟ್ ನಿಲ್ಸೋದು ತಪ್ಪೇನು ಅಂತ ಹೇಳಿ, ಫೀ ಅಂತೂ ಉಳೀತದಲ್ಲ?

ಲೀಡ್ಸ್_ಕನ್ನಡತಿ:
ಫೀ 45 ಉಳಿಯುತ್ತೆ, ಅದ್ರ ಜೊತೆ ಸಾಲಕ್ಕೆ ಹೋಗೋ 205 ಕೂಡ ನಿಲ್ಲುತ್ತೆ ತಮ್ಮ. ಆ ತಿಂಗಳು ನಾಲ್ಕೂ ಕಡೆ ಕಂತು ತಪ್ಪುತ್ತೆ, ಯಾಕೆ ಅಂತ ಅವ್ರಿಗೆ ಯಾರೂ ಹೇಳಿರಲ್ಲ. ಬಡ್ಡಿ ನಿಲ್ಸಿರೋದು ಅವ್ರ ಇಷ್ಟದಿಂದ, ಮತ್ತೆ ಶುರು ಮಾಡೋಕೆ ಅವ್ರಿಗೆ ಹಕ್ಕಿದೆ. ಹಾಗಾಗಿ ಕ್ರಮ ಹೀಗಿರ್ಲಿ.

ಮೊದ್ಲು ಹಳೇ ಕಂಪನಿಯಿಂದ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ. ಶುರುವಿನಿಂದ ನೀವು ಕಟ್ಟಿದ್ದೆಷ್ಟು, ಫೀ ಎಷ್ಟು ಹಿಡ್ಕೊಂಡ್ರು, ಯಾರ್ಯಾರಿಗೆ ಯಾವ ತಾರೀಕು ಎಷ್ಟು ಕಳ್ಸಿದ್ರು, ಅವ್ರ ಕೈಯಲ್ಲಿ ಇನ್ನೂ ಕಳ್ಸದೆ ಉಳ್ದಿರೋದೆಷ್ಟು. ಈಮೇಲ್‌ನಲ್ಲೇ ಕೇಳಿ, ಫೋನ್ ಬೇಡ. ಅದು ಬರೋಷ್ಟರಲ್ಲಿ ನಾಲ್ಕೂ ಸಾಲದವ್ರಿಗೆ ನೀವೇ ಮಾತಾಡಿ ಇವತ್ತಿನ ಬಾಕಿ ಎಷ್ಟು ಅಂತ ತಿಳ್ಕೊಳ್ಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಇದನ್ನ ಮಾತ್ರ ಬಿಡ್ಬೇಡಿ, ದಯವಿಟ್ಟು. ಸಾಲ ಬೇರೆ ಕಲೆಕ್ಷನ್ ಕಂಪನಿಗೆ ಮಾರಾಟ ಆಗಿರುತ್ತೆ, ದುಡ್ಡು ಹಳೇ ಹೆಸ್ರಿಗೇ ಹೋಗ್ತಿರುತ್ತೆ, ಅಂಥದ್ದು ಆಗುತ್ತೆ. ಹಳೇ ಅಕೌಂಟ್ ಇನ್ನೂ ನಡೀತಿರುವಾಗ್ಲೇ ಕೇಳಿದ್ರೆ ಉತ್ತರ ಬೇಗ ಸಿಗುತ್ತೆ.

ಆಮೇಲೆ ಸ್ಟೆಪ್‌ಚೇಂಜ್ ಅಥವಾ ಪೇಪ್ಲ್ಯಾನ್‌ನಲ್ಲಿ ಹೊಸ ಬಜೆಟ್ ಮಾಡ್ಸಿ. ಆನ್‌ಲೈನ್‌ನಲ್ಲೂ ಆಗುತ್ತೆ, ಫೋನಲ್ಲೂ ಆಗುತ್ತೆ. ಬೇರೆ ಕಡೆ ಪ್ಲಾನ್ ಇದೆ, ಬಿಟ್ಟು ಬರ್ತಿದೀನಿ ಅಂತ ಮೊದಲೇ ಹೇಳಿ. ಅವ್ರು ಡಿಎಂಪಿನೇ ಸರಿ ಅಂದು ಹೊಸ ಪ್ಲಾನ್‌ನ ಮೊದಲ ಕಂತಿನ ತಾರೀಕು ಕೊಟ್ಟ ಮೇಲೆ ಹಳೇ ಕಂಪನಿಗೆ ಕ್ಯಾನ್ಸಲ್ ಪತ್ರ. ಅದ್ರಲ್ಲಿ ಕೈಯಲ್ಲಿ ಉಳ್ಸ್ಕೊಂಡಿರೋ ದುಡ್ಡು ವಾಪಸ್ ಕೊಡಿ ಅಂತ ಸ್ಪಷ್ಟವಾಗಿ ಬರೀರಿ. ನಿಮ್ಮ ದುಡ್ಡನ್ನ ಅವ್ರು ತಮ್ಮ ದುಡ್ಡಿನ ಜೊತೆ ಬೆರ್ಸೋ ಹಾಗಿಲ್ಲ, ಪ್ರತ್ಯೇಕ ಅಕೌಂಟ್‌ನಲ್ಲಿ ಇಡ್ಬೇಕು ಅಂತ ಎಫ್‌ಸಿಎ ನಿಯಮ ಇದೆ. ಪತ್ರ ಹೋದ ಮೇಲೆ ಡೈರೆಕ್ಟ್ ಡೆಬಿಟ್ ನಿಲ್ಸಿ. ಒಂದು ತಿಂಗಳು ಮಧ್ಯ ಬಂದ್ರೆ ಆ ತಿಂಗಳ ಕಂತನ್ನ ನಾಲ್ಕೂ ಕಡೆ ನೀವೇ ನೇರವಾಗಿ ಕಟ್ಬಿಡಿ, ಪ್ಲಾನ್ ಬದ್ಲಾಯಿಸ್ತಿದೀನಿ ಅಂತ ಒಂದು ಸಾಲು ಮೆಸೇಜ್ ಹಾಕಿ.

ಧಾರವಾಡದ_ಮಳಿ:
ಕೋರ್ಟಿನ ಮಾತು ಸುಳ್ಳೇನ್ರಿ ಹಂಗಾದ್ರ?

ಲೀಡ್ಸ್_ಕನ್ನಡತಿ:
ಪೂರ್ತಿ ಸುಳ್ಳಲ್ಲ ಅಣ್ಣ, ಆದ್ರೆ ಅರ್ಧ ಮಾತು ಅದು. ಡಿಎಂಪಿ ಇದ್ರೂ ಇಲ್ದಿದ್ರೂ ಸಾಲ ಕೊಟ್ಟೋರು ಕೋರ್ಟಿಗೆ ಹೋಗ್ಬೋದು, ಈಗ ಫೀ ಕಟ್ತಿರುವಾಗ್ಲೂ ಹೋಗ್ಬೋದು. ಫೀ ಕೊಟ್ಟಿದ್ದಕ್ಕೆ ಅಂತ ಯಾವ ರಕ್ಷಣೆನೂ ಇಲ್ಲ. ಅದೇ ಕಂತು ಇನ್ನೂ ಜಾಸ್ತಿಯಾಗಿ ಬರ್ತಿದೆ ಅಂದ್ರೆ ಬ್ಯಾಂಕಿಗೆ ಬೇಜಾರಾಗೋಕೆ ಕಾರಣವೇ ಇಲ್ಲ. ಕೋರ್ಟ್ ಪೇಪರ್ ಅಂತ ಏನಾದ್ರೂ ಮನೆಗೆ ಬಂದ್ರೆ ಮಾತ್ರ ಬದಿಗಿಡ್ಬೇಡಿ, ಯಾವ ಪ್ಲಾನ್‌ನಲ್ಲಿದ್ರೂ ಅದಕ್ಕೆ ಉತ್ತರ ಕೊಡ್ಲೇಬೇಕು.

ಗ್ಲಾಸ್ಗೋ_ಹಾಸನ:
ಸ್ಕಾಟ್ಲೆಂಡ್‌ನಲ್ಲಿರೋರು ಓದ್ತಿದ್ರೆ ಇಲ್ಲಿ ದಾರಿ ಬೇರೆ ಇದೆ, ಗಮನಿಸಿ. ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಅಂತ, ಡಿಎಎಸ್ ಅಂತಾರೆ, 2004ರಿಂದ ಇದೆ. ಇದು ಕಾನೂನಿನಡಿ ಬರೋದ್ರಿಂದ ಬಡ್ಡಿ, ಚಾರ್ಜು ನಿಲ್ಸೋದು ಅವ್ರ ಇಷ್ಟಕ್ಕೆ ಬಿಟ್ಟಿದ್ದಲ್ಲ, ಪ್ಲಾನ್ ಮುಗ್ಸಿದ್ರೆ ಆ ಬಡ್ಡಿ ಮನ್ನಾನೇ ಆಗುತ್ತೆ. ನಾನು ಇಂಗ್ಲೆಂಡ್‌ನ ಗೆಳೆಯರ ಮಾತು ಕೇಳಿ ಡಿಎಂಪಿನೇ ಅಂದ್ಕೊಂಡಿದ್ದೆ, ಇಲ್ಲಿನ ಸಿಟಿಜನ್ಸ್ ಅಡ್ವೈಸ್‌ನವ್ರು ಇದನ್ನ ಹೇಳಿ ಮಾಡ್ಸ್ಕೊಟ್ರು, ನನ್ನ ಹತ್ರ ಏನೂ ತಗೊಳ್ಲಿಲ್ಲ. ಅಲ್ಲಿ ಐವಿಎ ಇದ್ದ ಹಾಗೆ ಇಲ್ಲಿ ಟ್ರಸ್ಟ್ ಡೀಡ್ ಇದೆ, ಅದಕ್ಕೆ ಸೈನ್ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಲೀಡ್ಸ್_ಕನ್ನಡತಿ:
ಒಳ್ಳೆ ಮಾತು ಹೇಳಿದ್ರಿ. ಇಂಗ್ಲೆಂಡ್, ವೇಲ್ಸ್‌ನಲ್ಲಿರೋರಿಗೆ 2021ರ ಮೇ 4ರಿಂದ ಬ್ರೀದಿಂಗ್ ಸ್ಪೇಸ್ ಅನ್ನೋ ಕಾನೂನಿನ ಬಿಡುವು ಇದೆ, 60 ದಿನ ಬಡ್ಡಿನೂ ಹಾಕೋ ಹಾಗಿಲ್ಲ, ವಸೂಲಿಗೂ ಬರೋ ಹಾಗಿಲ್ಲ. ಅದನ್ನ ನಾವೇ ಹಾಕ್ಕೊಳೋಕಾಗಲ್ಲ, ಡೆಟ್ ಅಡ್ವೈಸರ್ ಮೂಲಕವೇ ಹೋಗ್ಬೇಕು, ವರ್ಷಕ್ಕೆ ಒಂದೇ ಸಲ. ಸ್ವಿಂಡನ್ ಅವ್ರಿಗೆ ಬೇಕಾಗಲ್ಲ ಅನ್ಸುತ್ತೆ, ಆದ್ರೆ ಬೇರೆಯವ್ರ ಮನೆ ಬಾಗಿಲಿಗೆ ಬೇಲಿಫ್ (ವಸೂಲಿ ಅಧಿಕಾರಿ) ಬರೋ ಸ್ಥಿತಿ ಇದ್ರೆ ಇವತ್ತೇ ಫೋನ್ ಮಾಡಿ. ಆದಾಯ ತೀರಾ ಕಮ್ಮಿ ಇದ್ದು ಖರ್ಚೆಲ್ಲ ಕಳ್ದು ತಿಂಗಳಿಗೆ 75 ಪೌಂಡ್‌ಗಿಂತ ಜಾಸ್ತಿ ಉಳಿಯಲ್ಲ ಅನ್ನೋರಿಗೆ ಸಾಲ ಮನ್ನಾ ಮಾಡೋ ಡೆಟ್ ರಿಲೀಫ್ ಆರ್ಡರ್ ಇದೆ. 2024ರ ಏಪ್ರಿಲ್‌ನಲ್ಲಿ ಅದ್ರ 90 ಪೌಂಡ್ ಫೀ ತೆಗ್ದ್ರು, ಜೂನ್‌ನಲ್ಲಿ ಸಾಲದ ಮಿತಿ 50,000ಕ್ಕೆ ಏರ್ಸಿದ್ರು. ಫೀ ತಗೊಳೋ ಪ್ಲಾನ್‌ನಲ್ಲಿ ತಿಂಗಳಿಗೆ 60, 70 ಕಟ್ಕೊಂಡು ವರ್ಷಗಟ್ಟಲೆ ಸವೀತಿರೋರನ್ನ ನೋಡಿದೀನಿ, ಅವ್ರಿಗೆ ಈ ದಾರಿ ಇದೆ ಅಂತ ಯಾರೂ ಹೇಳಿರ್ಲೇ ಇಲ್ಲ, ಅದು ನಂಗೆ ತುಂಬಾ ಸಂಕಟ ಆಗುತ್ತೆ.

ಸ್ವಿಂಡನ್_ವಾಸಿ:
ಮೇಡಂ, ಐಎಲ್‌ಆರ್ ಬಗ್ಗೆ? ಅದೇ ದೊಡ್ಡ ಚಿಂತೆ. ಇನ್ನೊಂದು, ಊರಿಗೆ ಅಪ್ಪ ಅಮ್ಮಂಗೆ ತಿಂಗ್ಳಾ ದುಡ್ಡು ಕಳಿಸ್ತೀನಿ, ಅಪ್ಪನ ಶುಗರ್ ಬಿಪಿ ಮಾತ್ರೆ, ಲ್ಯಾಬ್ ಟೆಸ್ಟು. ಹಳೇ ಕಂಪನಿಯವ್ರ ಬಜೆಟ್‌ನಲ್ಲಿ ಅದಕ್ಕೆ ಜಾಗವೇ ಇರ್ಲಿಲ್ಲ, ಊಟದ ದುಡ್ಡಲ್ಲಿ ಉಳ್ಸಿ ಕಳಿಸ್ತಾ ಇದೀನಿ. ಎಂಎಸ್ಸಿಗೆ ಅಂತ ಊರಿನ ಬ್ಯಾಂಕಲ್ಲಿ ಮಾಡಿದ್ದ ಎಜುಕೇಶನ್ ಲೋನೂ ಇನ್ನೂ ಸ್ವಲ್ಪ ಇದೆ.

ಲೀಡ್ಸ್_ಕನ್ನಡತಿ:
ಊಟದ ದುಡ್ಡಲ್ಲಿ ಉಳ್ಸೋದು ಬೇಡ, ದಯವಿಟ್ಟು. ಹೊಸ ಬಜೆಟ್ ಮಾಡುವಾಗ ಇದನ್ನ ಮುಚ್ಚಿಡದೆ ಹೇಳಿ. ತಂದೆ ತಾಯಿಗೆ ಎಷ್ಟು, ಯಾತಕ್ಕೆ, ಬೇರೆ ಯಾರೂ ನೋಡ್ಕೊಳೋರಿಲ್ವಾ ಅಂತ ಕೇಳ್ತಾರೆ, ಔಷಧಿ ಬಿಲ್ಲು, ಕಳ್ಸಿದ ರಸೀದಿ ಇದ್ರೆ ಇಟ್ಕೊಳ್ಳಿ. ಕಾರಣ ಬರ್ದಿದ್ರೆ ಸಾಲ ಕೊಟ್ಟೋರಿಗೆ ಒಪ್ಸೋದು ಸುಲಭ. ಕಂತು 250ರಿಂದ ಸ್ವಲ್ಪ ಇಳಿದ್ರೂ ಪರ್ವಾಗಿಲ್ಲ. ತಡ್ಕೊಳೋಕಾಗದ ಕಂತು ಇಟ್ಕೊಂಡು ಮತ್ತೆ ಕಾರ್ಡ್ ಉಜ್ಜೋದಕ್ಕಿಂತ ಅದೇ ವಾಸಿ.

ಊರಿನ ಲೋನ್ ಇಲ್ಲಿನ ಪ್ಲಾನ್ ಒಳಗೆ ಬರಲ್ಲ ಅಂತಲೇ ಇಟ್ಕೊಳ್ಳಿ, ಅದ್ರ ಇಎಂಐನ ಖರ್ಚಿನ ಕಡೆ ತೋರ್ಸೋಕೆ ಕೇಳಿ. ಅದನ್ನ ಮಾತ್ರ ತಪ್ಪಿಸ್ಬೇಡಿ. ಎಜುಕೇಶನ್ ಲೋನ್‌ನಲ್ಲಿ ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಜಂಟಿ ಸಾಲಗಾರರಾಗಿ ಸೈನ್ ಹಾಕಿರ್ತಾರೆ, ಕಂತು ನಿಂತ್ರೆ ಅವ್ರ ಸಿಬಿಲ್‌ಗೂ ಪೆಟ್ಟು, ಬ್ಯಾಂಕಿನವ್ರು ಮೊದ್ಲು ಹೋಗಿ ನಿಲ್ಲೋದೂ ಅವ್ರ ಮನೆ ಮುಂದೆನೇ.

ವೀಸಾ ವಿಷಯ. ಬ್ಯಾಂಕ್ ಸಾಲ ಇದೆ, ಡಿಎಂಪಿ ಇದೆ ಅನ್ನೋ ಕಾರಣಕ್ಕೆ ಐಎಲ್‌ಆರ್ ತಿರಸ್ಕಾರ ಆಗಲ್ಲ. ಅಲ್ಲಿ ನೋಡೋ ಸಾಲ ಬೇರೆ, ಎನ್‌ಎಚ್‌ಎಸ್‌ಗೆ (ಸರ್ಕಾರಿ ಆರೋಗ್ಯ ಸೇವೆ) 500 ಪೌಂಡ್ ಅಥವಾ ಮೇಲೆ ಬಾಕಿ, ವೀಸಾ ನೋಡ್ಕೊಳೋ ಹೋಮ್ ಆಫೀಸ್‌ಗೆ ಕೊಡ್ಬೇಕಾದ ಕೋರ್ಟ್ ಖರ್ಚು ಅಂಥದ್ದು. ಮುಂದೆ ಸಿಟಿಜನ್‌ಶಿಪ್‌ಗೆ ಹಾಕಿದ್ರೆ ನಡತೆ ನೋಡುವಾಗ ಹಣಕಾಸನ್ನೂ ನೋಡ್ತಾರೆ, ಆದ್ರೆ ಹೋಮ್ ಆಫೀಸ್ ಮಾರ್ಗಸೂಚಿಯಲ್ಲೇ ಇದೆ, ಸಾಲ ಇದೆ ಅಂತ ಮಾತ್ರಕ್ಕೆ ಸಾಮಾನ್ಯವಾಗಿ ನಿರಾಕರಿಸಲ್ಲ, ತೀರ್ಸೋ ಪ್ರಯತ್ನ ನಡೀತಿದ್ಯಾ ಅಂತ ನೋಡ್ತಾರೆ. ಪ್ಲಾನ್‌ನಲ್ಲಿ ಕ್ರಮವಾಗಿ ಕಟ್ತಿರೋ ದಾಖಲೆ ನಿಮ್ಮ ಪರವಾಗೇ ಇರುತ್ತೆ. ನಿಮ್ಮ ವೀಸಾದ ನಿರ್ದಿಷ್ಟ ಪ್ರಶ್ನೆಗೆ ಇಮಿಗ್ರೇಷನ್ ಸಲಹೆಗಾರರನ್ನೇ ಕೇಳಿ, ಅದು ನನ್ನ ಕ್ಷೇತ್ರ ಅಲ್ಲ.

ಫೀ ಮಾತ್ರ ಈಗ್ಲೇ ಯೋಚಿಸಿ. ಐಎಲ್‌ಆರ್ ಅರ್ಜಿ 2025ರ ಏಪ್ರಿಲ್‌ನಲ್ಲಿ ಒಬ್ರಿಗೆ 3,029 ಪೌಂಡ್ ಆಗಿತ್ತು, ಮನೆಯವ್ರದ್ದೂ ಸೇರ್ಸಿದ್ರೆ ಎರಡರಷ್ಟು. ಮಧ್ಯದಲ್ಲಿ ಎಕ್ಸ್‌ಟೆನ್ಷನ್ ಬಂದ್ರೆ ಐಎಚ್‌ಎಸ್ 2024ರ ಫೆಬ್ರವರಿಯಿಂದ ವರ್ಷಕ್ಕೆ 1,035. ಇದು ಐಷಾರಾಮ ಅಲ್ಲ, ಇಲ್ಲಿ ಇರೋಕೆ ಬೇಕಾದ ಖರ್ಚು ಅಂತ ಬಜೆಟ್‌ನಲ್ಲಿ ತಿಂಗಳಿಗಿಷ್ಟು ಅಂತ ಸೇರ್ಸೋಕೆ ಕೇಳಿ. ಇಲ್ಲಿನ ಅಡ್ವೈಸರ್‌ಗಳಿಗೆ ಈ ಖರ್ಚು ತಾನಾಗೇ ಹೊಳೆಯಲ್ಲ, ನೀವೇ ಹೇಳ್ಬೇಕು.

ಕರಾವಳಿ_ಹುಡುಗ:
ಇದು ನಂಗೂ ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಅಕ್ಕ. ನನ್ನದೊಂದು ಡೌಟು, ಇವ್ರು ಬ್ಯಾಂಕ್ ಪ್ರಾಜೆಕ್ಟಲ್ಲಿ ಐಟಿ ಕೆಲಸ ಮಾಡುವವರಾದ್ರೆ ಕ್ರೆಡಿಟ್ ಚೆಕ್ ಇರ್ತದಲ್ಲ? ಪ್ಲಾನ್ ಬದ್ಲಾಯಿಸಿದ್ರೆ ಮತ್ತೆ ಹೊಸ ಡಿಫಾಲ್ಟ್, ಅಂದ್ರೆ ಸಾಲ ಸರಿಯಾಗಿ ಕಟ್ಟಿಲ್ಲ ಅನ್ನೋ ಗುರುತು, ಬೀಳ್ತದಾ?

ಲೀಡ್ಸ್_ಕನ್ನಡತಿ:
ಪ್ಲಾನ್ ಬದ್ಲಾಯಿಸೋದ್ರಿಂದ ಹೊಸ ಡಿಫಾಲ್ಟ್ ಬೀಳಲ್ಲ. ಡಿಫಾಲ್ಟ್ ಬಿದ್ದ ತಾರೀಕಿಂದ 6 ವರ್ಷ ಕ್ರೆಡಿಟ್ ಫೈಲ್‌ನಲ್ಲಿರುತ್ತೆ, ಆಮೇಲೆ ಹೋಗುತ್ತೆ, ಆ ತಾರೀಕು ಬದ್ಲಾಗಬಾರ್ದು. ಇನ್ನೂ ಡಿಫಾಲ್ಟ್ ಆಗ್ದೆ ಬರೀ ಕಮ್ಮಿ ಕಂತು ಹೋಗ್ತಿರೋ ಅಕೌಂಟ್ ಇದ್ರೆ ಮುಂದೆ ಡಿಫಾಲ್ಟ್ ಹಾಕ್ಬೋದು, ಅದು ಯಾವ ಪ್ಲಾನ್‌ನಲ್ಲಿದ್ರೂ ಅಷ್ಟೇ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರೂ ಕ್ರೆಡಿಟ್ ಏಜೆನ್ಸಿಗಳಲ್ಲಿ ರಿಪೋರ್ಟ್ ಫ್ರೀಯಾಗಿ ಸಿಗುತ್ತೆ, ಬಿಡೋ ಮುಂಚೆ ಒಂದು ಕಾಪಿ ತೆಗ್ದಿಡಿ. ಬ್ಯಾಂಕ್ ಪ್ರಾಜೆಕ್ಟ್ ವೆಟಿಂಗ್ ಇದ್ರೆ ಕೇಳಿದ್ದಕ್ಕೆ ನಿಜ ಹೇಳಿ, ಪ್ಲಾನ್‌ನ ಪೇಪರ್ ತೋರ್ಸಿ.

ಇನ್ನೊಂದು ಮರ್ತಿದ್ದೆ. ಸಂಬಳ ಬರೋ ಅಕೌಂಟೂ ಓವರ್‌ಡ್ರಾಫ್ಟ್ ಸಾಲವೂ ಒಂದೇ ಬ್ಯಾಂಕಲ್ಲಿದ್ರೆ, ಸಾಲ ಇಲ್ದಿರೋ ಬೇರೆ ಬ್ಯಾಂಕಲ್ಲಿ ಬೇಸಿಕ್ ಅಕೌಂಟ್ (ಓವರ್‌ಡ್ರಾಫ್ಟ್ ಇಲ್ಲದ್ದು) ತೆಗ್ದು ಸಂಬಳ ಅಲ್ಲಿಗೆ ಬರೋ ಹಾಗೆ ಮಾಡಿ. ಇಲ್ಲಾಂದ್ರೆ ಬ್ಯಾಂಕಿನವ್ರು ನಿಮ್ಮ ಸಂಬಳದಿಂದಲೇ ಮುರ್ಕೊಳೋಕೆ ಅವಕಾಶ ಇದೆ.

ಸ್ವಿಂಡನ್_ವಾಸಿ:
ಎಲ್ರಿಗೂ ಅಪ್‌ಡೇಟ್. ಸ್ಟೇಟ್‌ಮೆಂಟ್ ತರ್ಸಿದೆ. ಲೀಡ್ಸ್ ಮೇಡಂ ಹೇಳಿದ್ದು ಸರಿಯಾಗಿತ್ತು, ಒಂದು ಕಾರ್ಡಿನ ಬಾಕಿ ಬೇರೆ ಕಂಪನಿಗೆ ಮಾರಾಟ ಆಗಿದೆ, ಕೊನೇ ಕೆಲವು ಕಂತು ಹಳೇ ಕಡೆಗೇ ಹೋಗಿದೆ. ಕಾರ್ಡಿನವ್ರು ಅದನ್ನ ಹೊಸಬರಿಗೆ ವರ್ಗಾಯಿಸ್ತೀವಿ ಅಂದಿದಾರೆ. ಸ್ಟೆಪ್‌ಚೇಂಜ್‌ನಲ್ಲಿ ಬಜೆಟ್ ಆಯ್ತು, ಕಂತು 220ಕ್ಕೆ ಬಂತು, ಅಪ್ಪನ ಔಷಧಿ ಸೇರ್ಸಿದಾರೆ. ಕಂತು ಇಳಿದ್ರೂ ಸಾಲಕ್ಕೆ ಹೋಗೋದು ಈಗಿನದಕ್ಕಿಂತ 15 ಪೌಂಡ್ ಜಾಸ್ತಿ. ಹಳೇ ಕಂಪನಿಗೆ ಪತ್ರ ಹೋಗಿದೆ, ನೋಟಿಸ್ ತಿಂಗಳ ಫೀ ಕೇಳ್ತಿದಾರೆ, ಜೊತೆಗೆ ಕ್ಲೋಸಿಂಗ್ ಚಾರ್ಜ್ ಅಂತ ಹೊಸದೊಂದು. ಕೊಡ್ಬೇಕಾ?

ಧಾರವಾಡದ_ಮಳಿ:
ಭಾಳ ಖುಷಿ ಆತ್ರಿ ಓದಿ. ನಮ್ಮ ಅಣ್ಣಾವ್ರಿಗೂ ಇದನ್ನ ಪೂರಾ ಕಳಿಸ್ಕೊಟ್ಟೀನಿ, ಈ ವಾರ ಕುಂತು ಮಾತಾಡೂಣು ಅಂದಾರ.

ಲೀಡ್ಸ್_ಕನ್ನಡತಿ:
ಒಪ್ಪಂದದಲ್ಲಿ ನೋಟಿಸ್ ತಿಂಗಳ ಫೀ ಬರ್ದಿದ್ರೆ ಅದು ಕೇಳ್ಬೋದು. ಕ್ಲೋಸಿಂಗ್ ಚಾರ್ಜ್ ಒಪ್ಪಂದದಲ್ಲಿ ಇಲ್ದೆ ಇದ್ರೆ ಕೊಡ್ಬೇಡಿ, ಯಾವ ಷರತ್ತಿನಡಿ ಕೇಳ್ತಿದೀರಿ ತೋರ್ಸಿ ಅಂತ ಬರೀರಿ, ಈಮೇಲ್‌ನ ಮೇಲೆ ದೂರು ಅನ್ನೋ ಪದ ಸ್ಪಷ್ಟವಾಗಿ ಹಾಕಿ. ಮಾರಾಟ ಆದ ಸಾಲಕ್ಕೆ ತಪ್ಪು ಜಾಗಕ್ಕೆ ಕಂತು ಕಳ್ಸಿದ್ದನ್ನೂ ಅದೇ ದೂರಲ್ಲಿ ಸೇರ್ಸಿ, ಮಾರಾಟದ ಪತ್ರ ಅವ್ರಿಗೆ ಯಾವಾಗ ತಲುಪ್ತು ಅಂತ ಕೇಳಿ. ಫ್ರೀ ಸಲಹೆ ಎಲ್ಲಿ ಸಿಗುತ್ತೆ ಅಂತ ಶುರುವಲ್ಲೇ ನಿಮಗೆ ಹೇಳ್ಬೇಕಿತ್ತು, ಅದು ಎಫ್‌ಸಿಎ ನಿಯಮ, ಹೇಳಿರ್ಲಿಲ್ಲ ಅಂದ್ರೆ ಅದನ್ನೂ ಬರೀರಿ. ಅವ್ರಿಗೆ 8 ವಾರ ಟೈಮ್ ಇರುತ್ತೆ. ಉತ್ತರ ಬರ್ದಿದ್ರೆ, ಬಂದಿದ್ದು ಸರಿ ಅನ್ಸದಿದ್ರೆ ಇಂಥ ದೂರು ತೀರ್ಮಾನ ಮಾಡೋ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಿ, ಅಂತಿಮ ಉತ್ತರ ಬಂದು 6 ತಿಂಗಳೊಳಗೆ ಹೋಗ್ಬೇಕು, ಅದಕ್ಕೂ ದುಡ್ಡಿಲ್ಲ. ದೂರು ನಡೀತಿದೆ ಅಂತ ಹೊಸ ಪ್ಲಾನ್ ನಿಲ್ಸೋ ಅಗತ್ಯ ಇಲ್ಲ, ಅದ್ರ ಪಾಡಿಗೆ ಅದು ನಡೀಲಿ. ಡ್ರಾಫ್ಟ್ ಬರ್ದು ಹೆಸ್ರು, ಅಕೌಂಟ್ ನಂಬರ್ ತೆಗ್ದು ಇಲ್ಲಿ ಹಾಕಿ, ನಾಳೆ ಸಂಜೆ ಕೂತು ನೋಡ್ತೀನಿ.